ಐವತ್ತು ವ್ಯಾಟ್, ಹೆಚ್ಚು ಕಡಿಮೆ

ಬನಹಟ್ಟಿ
೧೮ ಆಗಸ್ಟ್ ೨೦೨೫

ಪರಮಾನಂದ ಕಾಕಾ ಅವರಿಗೆ ನಮಸ್ಕಾರಗಳು.

ಇಲ್ಲಿ ಒಂದು ಮೀಟರನ್ನು ಬಿಟ್ಟರೆ ಉಳಿದವರೆಲ್ಲ ಕ್ಷೇಮ.

ನನ್ನ ಹೆಸರು ಉಮಾಶ್ರೀ. ಲಾಳಿ ರೇಡಿಯೋದಲ್ಲಿ ಬಾಗಿಲ ಪಕ್ಕದ ಮೇಜಿಗೆ ಕುಳಿತು ಕಾರ್ಯಕ್ರಮಗಳಿಗೆ ಮಾತು ಬರೆದುಕೊಡುವವಳು. ಬರೆದದ್ದನ್ನು ರಾಧಿಕಾ ಅಕ್ಕ ಓದುತ್ತಾರೆ. ಹೀಗಾಗಿ ಸುತ್ತಲಿನ ಊರುಗಳಿಗೆ ನನ್ನ ಮಾತು ಗೊತ್ತು, ದನಿ ಗೊತ್ತಿಲ್ಲ. ಎರಡು ವರ್ಷದಲ್ಲಿ ನೀವು ನನಗೆ ಹೇಳಿದ್ದು ಒಂದೇ ಮಾತು: “ತಂಗಿ, ಆ ಫ್ಯಾನ್ ಈ ಕಡೆ ತಿರುವವಾ, ಟ್ರಾನ್ಸ್‌ಮಿಟರ್ ಬೆವರಾಕತ್ತೈತಿ.” ನಾನು ತಿರುಗಿಸಿದೆ. ಏನಾದರೂ ಉತ್ತರ ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನೀವು ನಮ್ಮ ಕಚೇರಿಯ ಫೋನ್ ಎತ್ತುತ್ತಿಲ್ಲ. ನನ್ನ ನಂಬರಿನಿಂದ ಮಾಡಿದರೆ ಎತ್ತಬಹುದು, ಆದರೆ ಫೋನಿನಲ್ಲಿ ನನಗೆ ಮಾತು ಹುಟ್ಟುವುದಿಲ್ಲ. ಅದಕ್ಕೇ ಈ ಕಾಗದ.

ಕಳೆದ ಸೋಮವಾರ ನಡೆದದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಹೊಸ ಡಿಜಿಟಲ್ ಪವರ್ ಮೀಟರ್ ಬಂತೆಂದು ನಮ್ಮ ರೇಡಿಯೋ ನಡೆಸುವ ಚನಮಲ್ಲಪ್ಪ ಸರ್ ಕಾಯಿ ಒಡೆಸಿದರು, ಊದಿನಕಡ್ಡಿ ಹಚ್ಚಿಸಿದರು. ಬೀರಪ್ಪನ ಭಂಡಾರದ ಅರಿಷಿಣವನ್ನೂ ಹಚ್ಚಿದ್ದಾಯಿತು. ಆಮೇಲೆ ನೀವು ಎಂದಿನಂತೆ ಟ್ರಾನ್ಸ್‌ಮಿಟರ್ ಅಳೆಯಲು ಬಂದಿರಿ. ನಿಮ್ಮ ಹಳೆಯ ಮುಳ್ಳಿನ ಮೀಟರು ನಾಲ್ಕು ವರ್ಷದಿಂದ ಹೇಳುತ್ತಿದ್ದಂತೆ ಅಂದೂ ಐವತ್ತು ವ್ಯಾಟ್ ಎಂದಿತು. ಹೊಸದು ಮೂವತ್ತೆಂಟು ಎಂದಿತು. ಸರ್ ಎಲ್ಲರೆದುರಿಗೆ, “ಅಲ್ಲೋ ಪರಮ್ಯಾ, ಹಾಲಿಗೆ ನೀರ ಹಾಕ್ದಂಗ ನಾಕ ವರ್ಷ ನಮಗ ಹನ್ನೆರಡ ವ್ಯಾಟ್ ಕಡಿಮಿ ಹಾಕಿದ್ಯಲ್ಲೋ!” ಎಂದು ನಕ್ಕರು. ನಾವೂ ನಕ್ಕೆವು. ನೀವು ನಗಲಿಲ್ಲ. ಮೀಟರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಚಹಾ ಕುಡಿಯದೆ, ಮುಧೋಳ ಬಸ್ಸಿಗೆ ಹೋದಿರಿ.

ಅಂದೇ ಸರ್ ಟ್ರಾನ್ಸ್‌ಮಿಟರಿನ ತಿರುಗುಣಿಯನ್ನು ಹೊಸ ಮೀಟರು ಐವತ್ತು ತೋರಿಸುವ ತನಕ ತಿರುಗಿಸಿದರು. ನೀವು ಪೆನ್ಸಿಲಿನಲ್ಲಿ ಎಳೆದ ಗೆರೆಯನ್ನು ಅದು ಬಹಳ ದಾಟಿ ಹೋಗಿದೆ. ಅಕ್ಟೋಬರಿನಲ್ಲಿ ಅನುಮತಿಯ ಅಧಿಕಾರಿಗಳು ಅಳೆಯಲು ಬರುತ್ತಾರೆ. ನಮಗೆ ಕೊಟ್ಟದ್ದು ಐವತ್ತೇ ವ್ಯಾಟ್.

ನಿಮ್ಮ ಮೀಟರು ಸುಳ್ಳು ಹೇಳಿತೆಂದು ನನಗೆ ಅನ್ನಿಸುವುದಿಲ್ಲ. ಯಾಕೆಂದು ಕೇಳಿದರೆ ಕಾರಣವಿಲ್ಲ. ಹೊಸ ಮೀಟರನ್ನು ಹೇಗೆ ಪರೀಕ್ಷಿಸಬೇಕೆಂದು ತಿಳಿಸಿದರೆ ನಾನು ನೋಡಿ ಬರೆಯುತ್ತೇನೆ. ನೋಡುವುದು ನನಗೆ ಬರುತ್ತದೆ.

ನಿಮ್ಮ ಕುರ್ಚಿಯ ಮೇಲೆ ಯಾರೂ ಕುಳಿತಿಲ್ಲ. ನಿನ್ನೆ ಒಬ್ಬ ಅತಿಥಿ ಕೂರಲು ಹೋದಾಗ ಸರ್, “ಅದರ ಕಾಲ ಸಡ್ಲ ಐತ್ರಿ” ಎಂದು ಬೇರೆ ಕುರ್ಚಿ ಎಳೆದರು. ಕಾಲು ಗಟ್ಟಿಯಾಗಿಯೇ ಇದೆ. ನಾನು ಅಲುಗಾಡಿಸಿ ನೋಡಿದೆ.

ಇಂತಿ,
ಫ್ಯಾನ್ ತಿರುಗಿಸಿದ ಉಮಾಶ್ರೀ


ಮುಧೋಳ
೨೩ ಆಗಸ್ಟ್ ೨೦೨೫

ತಂಗಿ ಉಮಾಶ್ರೀಗೆ,

ನಿನ್ನ ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ.

ನಾನು ಮೂವತ್ತಾರು ವರ್ಷ ಸರಕಾರಿ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ಇದ್ದವನು. ನನ್ನ ಮೀಟರು ಸುಳ್ಳು ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಮೀಟರು ಎಂಬುದು ಸುಳ್ಳು ಹೇಳುವ ಸಾಮಾನೇ. ಎಷ್ಟು ಸುಳ್ಳು ಹೇಳುತ್ತದೆಂದು ತಿಳಿದುಕೊಂಡು ಬಳಸುವವನು ಮೆಕ್ಯಾನಿಕ್. ಆದರೆ ನೀರು ಹಾಕಿದ ಹಾಲು ಅಂದರಲ್ಲ, ಅದು ಮೀಟರಿಗೆ ಹೇಳಿದ ಮಾತಲ್ಲ. ಜಮಖಂಡಿಯಲ್ಲಿ ಐಟಿಐ ಓದುವಾಗ ನಿಮ್ಮ ಸರ್, ನನ್ನ ಚನ್ಯಾ, ಮತ್ತು ನಾನು ಒಂದೇ ಕೋಣೆಯಲ್ಲಿ ಇದ್ದೆವು, ಒಂದೇ ಸೈಕಲ್ ತುಳಿದೆವು. ಇರಲಿ.

ನೀನು ಕೇಳಿದ್ದಕ್ಕೆ ಉತ್ತರ. ಹೊಸ ಮೀಟರಿನ ತಂತಿಯ ತುದಿಯಲ್ಲಿ ಶಕ್ತಿಯನ್ನು ಅಳೆಯುವ ಸೆನ್ಸರ್ ಇದೆಯಲ್ಲ, ಐವತ್ತು ವ್ಯಾಟ್ ನೇರ ಹೋದರೆ ಅದು ಸುಟ್ಟುಹೋಗುತ್ತದೆ. ಅದಕ್ಕೆಂದೇ ನಡುವೆ ರೆಕ್ಕೆ ರೆಕ್ಕೆಯ ಕಪ್ಪು ಡಬ್ಬಿ ಇದೆ. ಬಂದ ಶಕ್ತಿಯನ್ನೆಲ್ಲ ತಾನು ನುಂಗಿ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಸೆನ್ಸರಿಗೆ ಬಿಡುತ್ತದೆ. ಆ ಲೆಕ್ಕವನ್ನು ಮೀಟರಿಗೆ ಹೇಳಿದ್ದಾರೆಯೇ ನೋಡು. ಸಾವಿರದಲ್ಲಿ ಒಂದು ಎಂಬುದಕ್ಕೆ ಮೀಟರಿನ ಭಾಷೆಯಲ್ಲಿ ಮೂವತ್ತು ಡೆಸಿಬೆಲ್ ಎನ್ನುತ್ತಾರೆ, ಪರದೆಯ ಮೂಲೆಯಲ್ಲಿ ಮೂವತ್ತು ಎಂದು ಇರಬೇಕು. ಅಳೆಯುವ ಅರ್ಧ ಗಂಟೆ ಮೊದಲೇ ಮೀಟರನ್ನು ಹಚ್ಚುತ್ತಾರೆಯೇ? ತಣ್ಣಗಿರುವ ಸೆನ್ಸರ್ ನಿದ್ದೆಗಣ್ಣಿನಲ್ಲಿ ಓದುತ್ತದೆ. ಸೊನ್ನೆಗೆ ತರುವಾಗ ಟ್ರಾನ್ಸ್‌ಮಿಟರ್ ಆರಿಸಿರುತ್ತಾರೆಯೇ? ತಕ್ಕಡಿಯಲ್ಲಿ ಬೆಲ್ಲ ಇಟ್ಟುಕೊಂಡು ಸೊನ್ನೆ ಮಾಡಬಾರದು. ನಮ್ಮ ಸ್ಟೇಷನ್ನಿನ ತರಂಗಾಂತರ ತೊಂಬತ್ತು ಪಾಯಿಂಟ್ ನಾಲ್ಕು ಎಂದು ಮೀಟರಿಗೆ ತಿಳಿಸಿದ್ದಾರೆಯೇ? ಪ್ರತಿ ಸೆನ್ಸರಿಗೂ ಬೇರೆ ಬೇರೆ ತರಂಗಾಂತರದಲ್ಲಿ ಬೇರೆ ಬೇರೆ ತಪ್ಪು ಇರುತ್ತದೆ. ಕಾರ್ಖಾನೆಯವರು ಅದನ್ನು ಪ್ರಾಮಾಣಿಕವಾಗಿ ಬರೆದು ಕೊಟ್ಟಿರುತ್ತಾರೆ.

ನಾನು ನಿಮ್ಮ ರೇಡಿಯೋ ಕೇಳುವುದನ್ನು ಬಿಟ್ಟಿದ್ದೇನೆ. ಆದರೆ ಹದಿನೊಂದನೇ ತಾರೀಖಿನ ಸಂಜೆಯಿಂದ ಇಲ್ಲಿ ಮುಧೋಳದಲ್ಲಿ ನಿಮ್ಮ ದನಿ ಬಹಳ ಸ್ವಚ್ಛವಾಗಿದೆ. ಐವತ್ತು ವ್ಯಾಟಿಗೆ ಇಷ್ಟು ಸ್ವಚ್ಛ ಕೇಳಬಾರದು.

ಪರಮಾನಂದ

ಅಡಿಬರಹ: ನಾ ಕಾವೇರಿ, ಇವರ ಮನೀಕಿ. ಕೇಳೂದ ಬಿಟ್ಟೇನಿ ಅಂತ ಬರದಾರಲ್ಲ, ದಿನಾ ಸಂಜೀಕ ಐದಕ್ಕ ರೇಡಿಯೋ ತಗೊಂಡು ಮಾಳಗಿ ಏರ್ತಾರ. ಯಾಕ್ರಿ ಅಂದ್ರ ನೀರಿನ ಟಾಕಿ ನೋಡಾಕ ಅಂತಾರ. ಟಾಕಿ ನೋಡಾಕ ಏರಿಯಲ್ ತಂತಿ ಯಾಕ ಬೇಕವಾ?


ಬನಹಟ್ಟಿ
೨ ಸೆಪ್ಟೆಂಬರ್ ೨೦೨೫

ಪರಮಾನಂದ ಕಾಕಾ ಅವರಿಗೆ, ಕಾವೇರಿ ಕಾಕುಗೂ ನಮಸ್ಕಾರ.

ನೀವು ಹೇಳಿದ್ದನ್ನೆಲ್ಲ ನೋಡಿದೆ. ಮೂವತ್ತು ಇದೆ. ತೊಂಬತ್ತು ಪಾಯಿಂಟ್ ನಾಲ್ಕು ಇದೆ. ಸರ್ ದಿನವೂ ಮಧ್ಯಾಹ್ನ ಪ್ರಸಾರ ನಿಂತಿರುವಾಗ, ಅರ್ಧ ಗಂಟೆ ಮೊದಲೇ ಮೀಟರು ಹಚ್ಚಿ, ಟ್ರಾನ್ಸ್‌ಮಿಟರ್ ಆರಿಸಿ, ಸೊನ್ನೆ ಮಾಡಿಯೇ ಅಳೆಯುತ್ತಾರೆ. ಪುಸ್ತಕ ನೋಡಿಕೊಂಡು ಮಾಡುತ್ತಾರೆ. ಪುಸ್ತಕ ಮುಚ್ಚುವಾಗ ಒಮ್ಮೆ, “ಪರಮ್ಯಾ ಇದ್ರ ಪುಸ್ತಕ ಬೇಕಾಗ್ತಿರ್ಲಿಲ್ಲ” ಎಂದರು. ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಮತ್ತು ನಾನು ಇರುವುದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಹೀಗಾಗಿ ತಪ್ಪು ಸಿಗಲಿಲ್ಲ. ಆದರೆ ಬೇರೆ ಒಂದು ಸಂಗತಿ ಕಂಡೆ. ಅದಕ್ಕೆ ಅರ್ಥವಿದೆಯೋ ಇಲ್ಲವೋ ನೀವು ಹೇಳಬೇಕು.

ಹೊಸ ಮೀಟರಿನ ಅಂಕಿ ನಿಲ್ಲುವುದಿಲ್ಲ. ನಲವತ್ತೊಂಬತ್ತು, ಐವತ್ತು, ಐವತ್ತೊಂದು ಎಂದು ಕುಣಿಯುತ್ತಲೇ ಇರುತ್ತದೆ. ಸರ್ ಅದನ್ನೇ ಹೊಗಳುತ್ತಾರೆ: “ಇದು ಜೀವಂತ ಮಷೀನವಾ. ಪರಮ್ಯಾನ ಮುಳ್ಳು ಒಂದ ಕಡೆ ಕುಂತ್ರ ಕುಂತ ಬಿಡ್ತಿತ್ತು, ಬೀಗರ ಮನ್ಯಾಗ ಕುಂತಂಗ.” ಮೊನ್ನೆ ಶುಕ್ರವಾರ ಅಳೆಯುತ್ತಿದ್ದಾಗ ಕರೆಂಟು ಹೋಯಿತು. ನಮ್ಮದು ಬ್ಯಾಟರಿಯ ಮೇಲೆ ನಡೆಯಿತು. ಗೋಡೆಯಾಚೆಯ ಶೆಡ್ಡಿನ ಇಪ್ಪತ್ತನಾಲ್ಕು ಮಗ್ಗಗಳೂ ಒಮ್ಮೆಲೇ ನಿಂತವು. ಬನಹಟ್ಟಿಯಲ್ಲಿ ಕಿವಿಗೆ ಅಂಥ ಬಿಡುವು ಸಿಗುವುದೇ ಅಪರೂಪ. ಆಗ ನೋಡಿದೆ: ಮೀಟರಿನ ಅಂಕಿಯೂ ನಿಂತಿತ್ತು. ಐವತ್ತಮೂರು, ಅಲ್ಲಾಡಲಿಲ್ಲ. ಕರೆಂಟು ಬಂತು, ಮಗ್ಗಗಳು ಖಟಪಟ ಎಂದವು, ಅಂಕಿ ಮತ್ತೆ ಕುಣಿಯತೊಡಗಿತು.

ಸೋಮವಾರವೂ ಹೀಗೇ ಆಯಿತು. ನಾನು ಟಿಪ್ಪಣಿ ಮಾಡಿಕೊಂಡಿದ್ದೇನೆ.

ನಮ್ಮ ರೇಡಿಯೋ ಗಲಗಲಿಯ ಹೊಳೆದಂಡೆಯವರೆಗೂ ಕೇಳಿಸುತ್ತಿದೆಯೆಂದು ಅಲ್ಲಿನ ದೋಣಿಯವರೊಬ್ಬರು ಕಾರ್ಡು ಬರೆದಿದ್ದಾರೆ. ಸರ್ ಅದಕ್ಕೆ ಕಟ್ಟು ಹಾಕಿಸಿದರು. ನಾನು ಮಾತ್ರ ಅದನ್ನು ನೋಡಿದಾಗಲೆಲ್ಲ ಅಕ್ಟೋಬರಿಗೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತೇನೆ.

ಇಂತಿ,
ಉಮಾಶ್ರೀ


ಮುಧೋಳ
೮ ಸೆಪ್ಟೆಂಬರ್ ೨೦೨೫

ತಂಗಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ವರ್ಕ್‌ಶಾಪಿನಲ್ಲಿ ನಿನ್ನಂಥ ಒಬ್ಬಳಿದ್ದಿದ್ದರೆ ನನ್ನ ಅರ್ಧ ಕೂದಲು ಉಳಿಯುತ್ತಿತ್ತು.

ಮಗ್ಗ ಬಡಿದಾಗ ನೆಲ ನಡುಗುತ್ತದೆ. ನೆಲ ನಡುಗಿದಾಗ ಅಂಕಿ ನಡುಗಿದರೆ, ಎಲ್ಲೋ ಒಂದು ಕಡೆ ತಂತಿಗೆ ತಂತಿ ಸರಿಯಾಗಿ ಮುಟ್ಟಿಲ್ಲ. ಮುಟ್ಟಿಯೂ ಮುಟ್ಟದಂತೆ ಇದೆ. ಅಲ್ಲಿಯೇ ಶಕ್ತಿ ಸೋರಿ ಮೀಟರು ಕಡಿಮೆ ಓದುತ್ತಿದೆ. ಅಂದರೆ ಚನ್ಯಾ ಈಗ ಐವತ್ತು ಎಂದುಕೊಂಡು ಕಳಿಸುತ್ತಿರುವುದು ಅರವತ್ತೈದರ ಹತ್ತಿರ ಇದೆ. ಅಧಿಕಾರಿಗಳು ಬರುವ ಮೊದಲು ಇದು ಸರಿಯಾಗಬೇಕು.

ಸೆನ್ಸರಿನ ತುದಿಯಲ್ಲಿ ದುಂಡನೆಯ ಬಾಯಿ ಇದೆಯಲ್ಲ, ನಡುವೆ ಬಂಗಾರದ ಬಣ್ಣದ ಸಣ್ಣ ಸೂಜಿ. ಅದನ್ನು ಬಿಚ್ಚಿ ಒಳಗೆ ನೋಡು. ಕನ್ನಡಿಯ ಹಾಗೆ ಇರಬೇಕು. ಏನಾದರೂ ಕಂಡರೆ ಬರೆ. ಪೆಟ್ಟಿಗೆಯಿಂದ ತೆಗೆದ ದಿನದಿಂದ ಅದರ ಬಾಯಿಗೆ ಯಾರು ಏನು ಮುಟ್ಟಿಸಿದರೆಂದು ನೆನಪಿಸಿಕೊಂಡು ಬರೆ.

ನಾನು ಬರುವುದಿಲ್ಲ. ಕರೆಯದ ಮನೆಗೆ ಹೋಗಬಾರದು, ಕಳಿಸಿದ ಮನೆಗಂತೂ ಹೋಗಲೇಬಾರದು.

ಪರಮಾನಂದ

ಅಡಿಬರಹ: ಕರೀಲಿ ಅಂತ ಕುಂತಾರವಾ. ಫೋನ ಬಂದಾಗೊಮ್ಮೆ ಹಲ್ಲಿ ಹೊಂಚ ಹಾಕಿದಂಗ ನೋಡ್ತಾರ, ಎತ್ತೂದಿಲ್ಲ. — ಕಾವೇರಿ


ಬನಹಟ್ಟಿ
೪ ಅಕ್ಟೋಬರ್ ೨೦೨೫

ಪರಮಾನಂದ ಕಾಕಾ ಅವರಿಗೆ,

ನಿಮ್ಮ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಕಾಗದ ಬಂದ ಮಧ್ಯಾಹ್ನವೇ ನಾನು ಸೆನ್ಸರಿನ ಬಾಯಿಯನ್ನು ನೋಡಿದೆ. ಬರೆಯಲು ಇಷ್ಟು ದಿನ ಬೇಕಾಯಿತು.

ಒಳಗೆ ಹಳದಿ ಇದೆ ಕಾಕಾ. ಭಂಡಾರ. ಒಣಗಿ ಹೆಕ್ಕಳೆ ಕಟ್ಟಿದೆ.

ಹಚ್ಚಿದವಳು ನಾನು.

ಮೊದಲ ಕಾಗದದಲ್ಲಿ “ಹಚ್ಚಿದ್ದಾಯಿತು” ಎಂದು ಬರೆದಿದ್ದೆ. ಯಾರು ಎಂದು ಬರೆದಿರಲಿಲ್ಲ. ಆಗ ಅದು ಮುಖ್ಯವೆಂದು ಗೊತ್ತಿರಲಿಲ್ಲ. ಆದರೂ ಈಗ ಓದಿಕೊಂಡರೆ ಆ ವಾಕ್ಯ ಹೊರಸಿನ ಕೆಳಗೆ ಅಡಗಿಕೊಂಡವರ ಹಾಗೆ ಕಾಣುತ್ತದೆ.

ನಮ್ಮ ಊರು ರನ್ನ ಬೆಳಗಲಿ. ನಮ್ಮದು ಕುರಿ ಸಾಕುವ ಮನೆ. ಹೊಸ ಕುರಿ ಬಂದರೆ ಅದರ ಹಣೆಗೆ ಬೀರಪ್ಪನ ಭಂಡಾರ ಹಚ್ಚದೆ ಹಿಂಡಿನಲ್ಲಿ ಬಿಡುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಅಜ್ಜಿ ಸಾತವ್ವ ಒಂದು ಪೊಟ್ಟಣ ಭಂಡಾರ ಕಟ್ಟಿಕೊಟ್ಟಿದ್ದಳು. ಅದು ನನ್ನ ಚೀಲದಲ್ಲಿ ಸದಾ ಇರುತ್ತದೆ. ಅಂದು ಪೂಜೆಯಲ್ಲಿ ಸರ್, “ಯಾರ ಕಡೆ ಅರಿಷಿಣ ಐತಿ?” ಎಂದು ಕೇಳಿದಾಗ, ಈ ಕಚೇರಿಯಲ್ಲಿ ಎಲ್ಲರಿಗೂ ಬೇಕಾದದ್ದು ನನ್ನ ಹತ್ತಿರ ಇದ್ದದ್ದು ಅದೇ ಮೊದಲ ಸಲ. ಮೀಟರಿಗೆ ಹಚ್ಚಿದೆ. ಕಪ್ಪು ಡಬ್ಬಿಗೆ ಹಚ್ಚಿದೆ. ಸೆನ್ಸರ್ ಕೈಗೆ ಬಂದಾಗ ಅದರ ಹಣೆ ಎಲ್ಲಿದೆಯೆಂದು ತಿಳಿಯಲಿಲ್ಲ. ಬಂಗಾರದ ಬಣ್ಣದ ಬಾಯಿಯೊಂದೇ ಮುಖದ ಹಾಗೆ ಕಂಡಿತು. ಪುಡಿ ನಿಲ್ಲದ್ದರಿಂದ ಆಗತಾನೇ ಒಡೆದ ಕಾಯಿಯ ನೀರಿನಲ್ಲಿ ಬೆರಳದ್ದಿ, ಕಲಸಿ, ಒಳಗೆ ಹಚ್ಚಿದೆ. ಬಹಳ ಭಕ್ತಿಯಿಂದ ಹಚ್ಚಿದೆ.

ಮೊನ್ನೆ ಮಹಾನವಮಿಗೆ ಖಂಡೆ ಪೂಜೆ ಇತ್ತು. ಮಗ್ಗದ ಶೆಡ್ಡುಗಳಲ್ಲೆಲ್ಲ ಲಾಳಿಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡಿದ್ದರು. ನಮ್ಮಲ್ಲಿಯೂ ಮೈಕು, ಮಿಕ್ಸರು, ಮೀಟರು ಎಲ್ಲಕ್ಕೂ ಹೂವು. ಸರ್ ಸೆನ್ಸರನ್ನು ಬಿಚ್ಚಿ ನನ್ನೆದುರು ಹಿಡಿದು, “ಹಚ್ಚವಾ, ಹೋದ ಸಲದಂಗ ಹಚ್ಚು, ನಿನ್ನ ಕೈಗುಣ ಛಲೋ ಐತಿ” ಎಂದರು. ನನ್ನಿಂದ “ಬ್ಯಾಡ್ರೀ!” ಎಂಬ ಕೂಗು ಹೊರಟಿತು. ಮೈಕು ಆರಿತ್ತು, ಪುಣ್ಯ. ಎಲ್ಲರೂ ತಿರುಗಿ ನೋಡಿದರು. ರಾಧಿಕಾ ಅಕ್ಕ, “ಅಯ್ಯ, ಇದಕ್ಕ ದನಿ ಐತಿ!” ಎಂದರು. ಯಾಕೆ ಬೇಡ ಎಂದು ಸರ್ ಕೇಳಿದಾಗ, “ಅದಕ್ಕ ಒಮ್ಮಿ ಆಗೈತ್ರಿ” ಎಂದೆ. ಅದು ನಿಜವೇ. ಆದರೆ ಪೂರ್ತಿ ಹೇಳಬೇಕಾದ ಜಾಗದಲ್ಲಿ ಅಷ್ಟನ್ನೇ ಹೇಳಿದೆ.

ಊರಿಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. “ಭಂಡಾರ ಹಣಿಗೆ ಹಚ್ಚತಾರಬೇ, ಬಾಯಾಗ ತುಂಬತಾರೇನು? ಕುರಿ ಸೈತ ಉಗುಳ್ತೈತಿ. ನಿನ್ನ ಮಷೀನ ಪಾಪ ಎರಡ ತಿಂಗಳ ಬಾಯಾಗ ಇಟ್ಕೊಂಡ ಕುಂತೈತಿ.” ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಅದ್ರಾಗ ಯಾರಿಗರೇ ಕೆಟ್ಟಾತೇನು?”

ಒಬ್ಬರಿಗೆ ಆಯಿತು ಎಂದೆ.

ಕ್ಷಮಿಸಿ ಎಂದು ಬರೆಯುವುದು ಸುಲಭ. ಬರೆಯುವುದೆಲ್ಲ ನನಗೆ ಸುಲಭವೇ. ಏನು ಮಾಡಬೇಕೆಂದು ಹೇಳಿ. ಅಧಿಕಾರಿಗಳು ಹದಿನೈದಕ್ಕೆ ಬರುತ್ತಾರೆ.

ಉಮಾಶ್ರೀ


ಮುಧೋಳ
೮ ಅಕ್ಟೋಬರ್ ೨೦೨೫

ತಂಗಿ ಉಮಾಶ್ರೀ,

ನಿನ್ನ ಕಾಗದ ಓದಿ ನಾನು ಮಾಳಿಗೆಯ ಮೇಲೆ ಒಬ್ಬನೇ ನಕ್ಕೆ. ಪಕ್ಕದ ಮನೆಯವರು ಕಾವೇರಿಯನ್ನು ಕೇಳಿದರಂತೆ, ಆರಾಮ ಅದಾರೇನು ಎಂದು. ವರ್ಕ್‌ಶಾಪಿನಲ್ಲಿ ಕನೆಕ್ಟರಿನ ಬಾಯಿಯಿಂದ ಜೇಡ, ಜೇನುಮೇಣ, ಒಮ್ಮೆ ಒಂದು ಹಾಲುಹಲ್ಲು ತೆಗೆದಿದ್ದೇನೆ. ದೇವರನ್ನು ತೆಗೆಯುವುದು ಇದೇ ಮೊದಲು.

ಕಾಯಿನೀರು ಸಿಹಿ, ಒಣಗಿದರೆ ಅಂಟು. ಅದರೊಳಗೆ ಅರಿಷಿಣ ಸೇರಿ ಸೂಜಿಯ ಸುತ್ತ ಗೋಡೆ ಕಟ್ಟಿದೆ. ಈಗ ಹೀಗೆ ಮಾಡು. ನೀರು ಮುಟ್ಟಿಸಬೇಡ, ಬಾಯಿಯಿಂದ ಊದಬೇಡ. ಔಷಧಿ ಅಂಗಡಿಯಲ್ಲಿ ಸ್ಪಿರಿಟ್ ತೆಗೆದುಕೊ. ಹತ್ತಿ ಬಳಸಬೇಡ, ಎಳೆ ಬಿಡುತ್ತದೆ. ಎಳೆ ಬಿಡದ ಬಟ್ಟೆ ಬೇಕು. ಅದನ್ನು ಬನಹಟ್ಟಿಯಲ್ಲಿ ಹುಡುಕುವುದೆಂದರೆ ಹೊಳೆಯಲ್ಲಿ ಒಣಗಿದ ಕಲ್ಲು ಹುಡುಕಿದ ಹಾಗೆ. ಅದಕ್ಕೇ ನನ್ನ ಚಾಳೀಸಿನ ಗಾಜು ಒರೆಸುವ ಬಟ್ಟೆಯ ಅರ್ಧ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಬಿದಿರಿನ ಕಡ್ಡಿಗೆ ಸುತ್ತಿ, ಅದ್ದಿ, ಸುತ್ತಲೂ ಒರೆಸು. ನಡುವಿನ ಸೂಜಿಯನ್ನು ಒತ್ತಬೇಡ. ಪೂರ್ತಿ ಒಣಗಲಿ. ಮರಳಿ ಬಿಗಿಯುವಾಗ ಹೊರಗಿನ ಉಂಗುರವನ್ನು ಮಾತ್ರ ತಿರುಗಿಸು, ಸೆನ್ಸರನ್ನು ತಿರುಗಿಸಬೇಡ.

ಇನ್ನೊಂದು ಮಾತು. ಇದನ್ನು ಸುಮ್ಮನೆ ಮಾಡು. ಯಾರಿಗೂ ಹೇಳಬೇಡ. ಅಂಕಿ ತಾನೇ ಸರಿಯಾಗುತ್ತದೆ, ಚನ್ಯಾ ತಾನೇ ತಿರುಗುಣಿಯನ್ನು ಇಳಿಸುತ್ತಾನೆ, ಪರೀಕ್ಷೆ ಸುಸೂತ್ರ ನಡೆಯುತ್ತದೆ. ನೀನು ಕೆಲಸಕ್ಕೆ ಸೇರಿ ಎರಡೇ ವರ್ಷ. ನನಗೆ ಅರವತ್ತಾರು. ನನ್ನ ಹೆಸರಿಗೆ ಹನ್ನೆರಡು ವ್ಯಾಟ್ ಕಡಿಮೆಯಾದರೆ ಏನೂ ಆಗುವುದಿಲ್ಲ.

ಪರಮಾನಂದ

ಅಡಿಬರಹ: ಆಗೂದಿಲ್ಲ ಅಂತ ಬರದ್ರು. ಬರದ ಮ್ಯಾಲ ರೊಟ್ಟಿ ಅರ್ಧಾ ಬಿಟ್ಟ ಎದ್ರು. — ಕಾವೇರಿ


ಬನಹಟ್ಟಿ
೧೯ ಅಕ್ಟೋಬರ್ ೨೦೨೫

ಪರಮಾನಂದ ಕಾಕಾ ಅವರಿಗೆ,

ನೀವು ಹೇಳಿದ್ದರಲ್ಲಿ ಅರ್ಧವನ್ನು ಕೇಳಿದೆ, ಅರ್ಧವನ್ನು ಕೇಳಲಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಸೋಮವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒರೆಸಿದೆ. ನಿಮ್ಮ ಬಟ್ಟೆ ಹಳದಿಯಾಯಿತು, ಬಾಯಿ ಕನ್ನಡಿಯಾಯಿತು. ಸರ್ ಬಂದು ಎಂದಿನಂತೆ ಅಳೆದರು. ಅರವತ್ತನಾಲ್ಕೂವರೆ! ಗೋಡೆಯಾಚೆ ಮಗ್ಗ ಬಡಿಯುತ್ತಿದ್ದರೂ ಅಂಕಿ ಕದಲಲಿಲ್ಲ. ಸರ್ ಕನ್ನಡಕ ತೆಗೆದರು, ಹಾಕಿದರು, ಮೀಟರಿನ ಬೆನ್ನು ತಟ್ಟಿದರು. ಕೊನೆಗೆ ತಿರುಗುಣಿಯನ್ನು ಮೆಲ್ಲಗೆ ಇಳಿಸುತ್ತ ಇಳಿಸುತ್ತ ಐವತ್ತಕ್ಕೆ ತಂದರು. ಅದರ ಬಾಣ ನಿಮ್ಮ ಪೆನ್ಸಿಲ್ ಗೆರೆಯ ಮೇಲೆ ಬಂದು ನಿಂತಿತು. ಗೆರೆಗಿಂತ ಒಂದು ಕೂದಲೆಳೆ ಮುಂದೆ. ನಾನು ನೋಡಿದೆ. ಸರ್ ಕೂಡ ನೋಡಿದರು. ಬಹಳ ಹೊತ್ತು ನೋಡಿದರು.

ಗೆರೆಯ ಮೇಲೆಯೇ ಸರಿಯಾಗಿ ಇಟ್ಟರೆ ಹೊಸ ಮೀಟರು ನಲವತ್ತೆಂಟು ಪಾಯಿಂಟ್ ಏಳು ಓದುತ್ತದೆ. ನಿಮಗೆ ಬೇಕಾಗಬಹುದೆಂದು ಬರೆದಿದ್ದೇನೆ.

“ಹೊಸಾ ಮಷೀನು,” ಎಂದರು ಸರ್ ಕಡೆಗೆ, “ಹೊಸಾ ಸೊಸಿ ಇದ್ದಂಗ. ಹೊಂದ್ಕೊಳ್ಳಾಕ ಎರಡ ತಿಂಗಳ ಬೇಕಾತು.” ಅಧಿಕಾರಿಗಳು ಬಂದು ಅಳೆದು, ಸರಿ ಇದೆಯೆಂದು ಬರೆದು ಹೋದರು. ಪೇಢೆ ಹಂಚಿದರು. ನನ್ನ ಪೇಢೆ ಮೇಜಿನ ಮೇಲೆಯೇ ಉಳಿಯಿತು. ಎಲ್ಲರ ತಪ್ಪೂ ಮಾಯವಾಗಿತ್ತು, ನಿಮ್ಮದೊಂದನ್ನು ಬಿಟ್ಟು. ಅದು ನಿಮ್ಮದಾಗಿರಲೂ ಇಲ್ಲ.

ನಿಮಗೆ ಗೊತ್ತಿರುವಂತೆ ಶನಿವಾರ ಸಂಜೆ ಐದಕ್ಕೆ ನಮ್ಮಲ್ಲಿ ‘ತಪ್ಪು-ಒಪ್ಪು’ ಬರುತ್ತದೆ. ವಾರದಲ್ಲಿ ನಾವು ಹೇಳಿದ ತಪ್ಪುಗಳನ್ನು, ಅದು ಬಸ್ಸಿನ ವೇಳೆಯಿರಲಿ, ಸೀರೆಯ ಧಾರಣೆಯಿರಲಿ, ತೀರಿಕೊಂಡವರೆಂದು ಹೇಳಿ ಆಮೇಲೆ ತಾವೇ ಫೋನ್ ಮಾಡಿದ ಹಿರಿಯರಿರಲಿ, ನಾವೇ ಓದಿ ಒಪ್ಪಿಕೊಳ್ಳುವ ಐದು ನಿಮಿಷ. ಬರೆಯುವವಳು ನಾನು, ಓದುವವರು ರಾಧಿಕಾ ಅಕ್ಕ. ನಿನ್ನೆ ನಾನು ಒಂದು ಪುಟ ಬರೆದು ಅವರ ಮುಂದೆ ಇಟ್ಟೆ. ಅವರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು.

“ಇದನ್ನ ನಾ ಓದಂಗಿಲ್ಲವಾ.”

“ಯಾಕ್ರಿ ಅಕ್ಕಾ?”

“ತಪ್ಪು ನಿಂದು. ಬಾಯೂ ನಿಂದ ಇರ್ಲಿ.”

ಹೀಗೆ ಹೇಳಿ ಎದ್ದು ನಿಂತು, ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿ, ಕೆಂಪು ದೀಪ ಹಚ್ಚಿಯೇ ಬಿಟ್ಟರು. ಎಂಥ ಹೆಂಗಸು ನೋಡಿ.

ಮೊದಲು ನನ್ನ ಉಸಿರಷ್ಟೇ ಪ್ರಸಾರವಾಯಿತಂತೆ, ಆರೇಳು ಸೆಕೆಂಡು. ಆಮೇಲೆ ಹೇಳಿದೆ. ಹನ್ನೊಂದನೇ ಆಗಸ್ಟಿನಂದು ಭಂಡಾರ ಹಚ್ಚಿದ್ದು, ಹಣೆಯೆಂದುಕೊಂಡು ಬಾಯಿಗೆ ಹಚ್ಚಿದ್ದು, ಅದರಿಂದ ನಾವು ಎರಡು ತಿಂಗಳು ನಮಗೆ ಕೊಟ್ಟದ್ದಕ್ಕಿಂತ ಜೋರಾಗಿ ಕೂಗಿದ್ದು. ಕಾಗದವನ್ನು ನೋಡಿಕೊಂಡೇ ಓದುತ್ತಿದ್ದೆ. “ಹಳೆಯ ಮೀಟರು ಸುಳ್ಳು ಹೇಳಿರಲಿಲ್ಲ, ಅದನ್ನು ತಂದವರೂ ಹೇಳಿರಲಿಲ್ಲ” ಎಂಬಲ್ಲಿ ನಾನು ಬರೆದದ್ದು ಮುಗಿದಿತ್ತು. ಆದರೆ ನಾನು ನಿಲ್ಲಲಿಲ್ಲ. ನಿಮ್ಮ ಹೆಸರು ಹೇಳಿ, ಇನ್ನೂ ಎರಡು ಮಾತು ಆಡಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಯಿಂದ ಬಂದದ್ದನ್ನು ಬಾಯಿಯಿಂದಲೇ ಕೇಳಬೇಕು, ಧ್ವನಿಮುದ್ರಣ ಇಲ್ಲಿದೆ.

ಗಾಜಿನಾಚೆ ಸರ್ ನಿಂತಿದ್ದರು. ಬಯ್ಯುತ್ತಾರೆಂದುಕೊಂಡೆ. ಹೊರಗೆ ಬಂದಾಗ, “ಅಧಿಕಾರಿಗೋಳಿಗೂ ಒಂದ ಕಾಗದ ಬರಿ, ಇದ್ದದ್ದ ಇದ್ದಂಗ” ಎಂದರು. ಬರೆದೆ, ಸಹಿ ಹಾಕಿದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ನಿಂತು ಹೇಳಿದರು:

“ಅವಂಗೂ ಒಂದ ಬರಿ. ಆವತ್ತ ಚಾ ಕುಡೀದ ಹೋಗ್ಯಾನ, ಆರಾಕತ್ತೈತಿ ಅಂತ ಬರಿ.”

“ಎರಡ ತಿಂಗಳ ಆತಲ್ರಿ ಸರ್.”

“ಹಂಗಾರ ಭಾಳ ಆರಿರ್ತೈತಿ. ಲಗೂ ಬಾ ಅಂತ ಬರಿ.”

ಬರೆದಿದ್ದೇನೆ.

ಇಂತಿ,
ಉಮಾಶ್ರೀ

(ಬಟ್ಟೆಯ ತುಂಡನ್ನು ಒಗೆದು ಇದರೊಳಗೆ ಇಟ್ಟಿದ್ದೇನೆ. ಹಳದಿ ಪೂರ್ತಿ ಹೋಗಲಿಲ್ಲ.)


ಮುಧೋಳ
೨೩ ಅಕ್ಟೋಬರ್ ೨೦೨೫

ತಂಗಿ ಉಮಾಶ್ರೀ,

ಬಟ್ಟೆ ತಲುಪಿತು. ಈಗ ನನ್ನ ಚಾಳೀಸಿಗೂ ಬೀರಪ್ಪನ ಕೃಪೆ ಇದೆ. ಬಲಗಣ್ಣಿನಿಂದ ನೋಡಿದರೆ ಊರೆಲ್ಲ ಸ್ವಲ್ಪ ಹಳದಿ.

ಶನಿವಾರ ಸಂಜೆ ಐದಕ್ಕೆ ನಾನು ಮಾಳಿಗೆಯ ಮೇಲೆ ನೀರಿನ ಟಾಕಿ ನೋಡುತ್ತಿದ್ದೆ. ರೇಡಿಯೋ ಅಕಸ್ಮಾತ್ ಹಚ್ಚಿತ್ತು. ಐದು ದಿನದಿಂದ ನಿಮ್ಮ ದನಿ ಮೊದಲಿನಂತೆ ಕರಕರದೊಳಗೆ ಮುಳುಗಿ ಏಳುತ್ತಿತ್ತು. ಹೊಸ ದನಿಯೊಂದು ಬಂತು. ಮೊದಲು ಉಸಿರು, ಆಮೇಲೆ ಮಾತು. ನಿನ್ನದೆಂದು ತಿಳಿಯಿತು, ನಿನ್ನ ಕಾಗದಗಳನ್ನು ಓದುವಾಗ ನನ್ನ ತಲೆಯೊಳಗೆ ಕೇಳುತ್ತಿದ್ದ ದನಿಗೂ ಅದಕ್ಕೂ ಬಹಳ ವ್ಯತ್ಯಾಸವಿರಲಿಲ್ಲ. ಹಳೆಯ ಮೀಟರು ಸುಳ್ಳು ಹೇಳಿರಲಿಲ್ಲ ಎಂದೆ. ಅದನ್ನು ತಂದವರೂ ಎಂದೆ. ಆಮೇಲೆ ನನ್ನ ಹೆಸರಿನ ಮೊದಲಕ್ಷರ ಬಂತು, ಹಿಂದೆಯೇ ಸುಂಯ್ ಎಂದು ಗಾಳಿ ತುಂಬಿತು. ರೇಡಿಯೋವನ್ನು ಟಾಕಿಯ ಮೇಲೆ ಇಟ್ಟೆ, ತಂತಿಯನ್ನು ಕೈಯಲ್ಲಿ ಎತ್ತಿ ಹಿಡಿದು ಒಂದೇ ಕಾಲ ಮೇಲೆ ನಿಂತೆ. ಏನೂ ಕೇಳಿಸಲಿಲ್ಲ.

ಬೇಸರವಾಯಿತು. ಆಮೇಲೆ ಸಂತೋಷವೂ ಆಯಿತು. ಐವತ್ತು ವ್ಯಾಟಿಗೆ ಮುಧೋಳದಲ್ಲಿ ಅಷ್ಟೇ ಕೇಳಬೇಕು. ಅಳತೆ ಸರಿಯಾಗಿದೆ.

ನೀನು ಬರೆದು ಕಳಿಸಿದ ನಲವತ್ತೆಂಟು ಪಾಯಿಂಟ್ ಏಳು ನೋಡಿದೆ. ನನ್ನ ಮೀಟರು ಐವತ್ತು ಎಂದಿದ್ದ ಜಾಗ ಅದು. ಮುಳ್ಳಿನ ಮೀಟರಿಗೆ ಐದು ವ್ಯಾಟ್ ಆಚೀಚೆ ಆಗುವ ಹಕ್ಕಿದೆ. ಆದರೂ ಆದದ್ದು ಆಯಿತು. ಚನ್ಯಾನಿಗೆ ಹೇಳು: ಹನ್ನೆರಡು ವ್ಯಾಟಿನ ನೀರು ನಾನು ಹಾಕಿಲ್ಲ, ಒಂದು ಪಾಯಿಂಟ್ ಮೂರು ವ್ಯಾಟಿನದು ಹಾಕಿದ್ದು ಖರೆ. ಅದನ್ನು ಮುಂದಿನ ತಪ್ಪು-ಒಪ್ಪಿನಲ್ಲಿ ನಾನೇ ಓದುತ್ತೇನೆ.

ಹೀಗಾಗಿ ಶನಿವಾರ ಬರುತ್ತಿದ್ದೇನೆ. ಚಹಾಕ್ಕಾಗಿ ಅಲ್ಲ. ನೀನು ನನ್ನ ಹೆಸರು ಹೇಳಿ ಏನೆಂದೆ ಎಂಬುದು ಇಲ್ಲಿಗೆ ಮುಟ್ಟಲಿಲ್ಲ, ಕೇಳಬೇಕಾದರೆ ಹತ್ತಿರ ಬರಬೇಕು. ಹತ್ತೂವರೆಗೆ ಬನಹಟ್ಟಿ ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ, ಹತ್ತು ನಿಮಿಷ ಹೆಚ್ಚು ಕಡಿಮೆ.

ಆ ಫ್ಯಾನ್ ಟ್ರಾನ್ಸ್‌ಮಿಟರಿನ ಕಡೆಗೇ ಇರಲಿ.

ನಿನ್ನ ಕಾಕಾ,
ಪರಮಾನಂದ

ಅಡಿಬರಹ: ಶನಿವಾರ ಅಂತ ಬರದಾರ, ಮೀಟರ ಮಂಗಳವಾರನ ಟಾವೆಲ್ ಸುತ್ತಿ ಚೀಲಕ್ಕ ಹಾಕ್ಯಾರ. ಈಗ ಅಂಗಿಗೆ ಇಸ್ತ್ರಿ ಹಾಕ್ಕೋತ ಕುಂತಾರ. ಮ್ಯಾಲ ಟಾಕಿ ತುಂಬಿ ಅಂಗಳಕ್ಕೆಲ್ಲಾ ನೀರ ಹರ್ಯಾಕತ್ತೈತಿ, ನೋಡವ್ರ ಯಾರೂ ಇಲ್ಲವಾ. — ಕಾವೇರಿ